ಬೇವು ಕಟ್ಟುವ ಮೊದಲು

ಭೀಮವ್ವನ ಕಾಲಲ್ಲಿ ಚಕ್ರ ಇದೆ ಎಂದು ನಮ್ಮ ಓಣಿಯವರು ಸುಮ್ಮನೆ ಹೇಳುವುದಿಲ್ಲ. ಕಮಲಾಪುರದಲ್ಲಿ ನನ್ನ ಹೊಲಿಗೆ ಅಂಗಡಿ, ಎದುರಿಗೇ ಅವಳ ಮನೆ. ನಾನು ಒಂದು ಜಂಪರಿನ ತೋಳು ಕೂಡಿಸುವಷ್ಟರಲ್ಲಿ ಅವಳು ಹತ್ತು ಸಲ ಒಳಗೆ ಹೊರಗೆ ಮಾಡಿರುತ್ತಾಳೆ. ಬೆಳಿಗ್ಗೆ ಶೇಂಗಾ ಕುದಿಸಿ, ಬುಟ್ಟಿ ಹೊತ್ತು ಹಂಪಿ ಬಜಾರಿಗೆ ಹೋಗುತ್ತಾಳೆ. ಉಳಿದವರು ಒಂದು ಕಡೆ ನೆರಳು ಹಿಡಿದು ಕೂತು ಮಾರಿದರೆ, ಇವಳು ಗುಡಿ ಮುಂದಿನಿಂದ ಕಲ್ಲು ಬಸವಣ್ಣನ ತನಕ ಓಡಾಡಿ ಮಾರುತ್ತಾಳೆ. ಕೂತವರ ಶೇಂಗಾ ಆರಿ ಹೋಗುತ್ತದೆ ಎಂಬುದು ಅವಳ ವಾದ. ಗಂಡ ಉಚ್ಚೆಂಗೆಪ್ಪ ಕಬ್ಬಿನ ಗದ್ದೆ ಕೆಲಸದವನು, ಮಾತು ಕಡಿಮೆ. ಮನೆಯ ಪಾಲಿನ ಮಾತನ್ನೆಲ್ಲ ಹೆಂಡತಿಯೇ ಆಡಿ ಮುಗಿಸಿದರೆ ಅವನಾದರೂ ಏನು ಆಡಬೇಕು.

ಶೇಂಗಾ ಹೊಟ್ಟೆಪಾಡು. ಅವಳ ಜೀವ ಇರುವುದು ಸೋಬಾನೆ ಪದದಲ್ಲಿ. ಹೊಸಪೇಟೆ, ಕಂಪ್ಲಿ, ಸಂಡೂರು, ಗಾದಿಗನೂರು, ಎಲ್ಲಿ ಮದುವೆ, ಕುಬಸ, ತೊಟ್ಟಿಲು ಇದ್ದರೂ ಭೀಮವ್ವನಿಗೆ ಕರೆ ಬರುತ್ತದೆ. ಬರದಿದ್ದರೂ ಹೋಗುತ್ತಾಳೆ. ಕರೆಯದವರ ಮನೆಗೆ ಹೋಗಬಾರದು ಕಣೇ ಎಂದು ನಾನು ಅಂದರೆ, 'ಮರ್ತಿರ್ತಾರ್ಲೇ ಚೆನ್ನಿ, ನಾವು ನೆಪ್ಪು ಮಾಡಬೇಕು' ಎಂದು ಸೆರಗು ಸಿಕ್ಕಿಸಿಕೊಂಡು ಬಸ್ ಹತ್ತುತ್ತಾಳೆ.

ಅವಳಿಗೆ ಒಂದು ಜಂಬವಿತ್ತು. ಡಾಕ್ಟರು ಚಿಕನ್ ಪಾಕ್ಸ್ ಅನ್ನುವುದಕ್ಕೆ ನಾವು ಅಮ್ಮ ಬಂದಳು ಅನ್ನುತ್ತೇವೆ. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತೇವೆ. ಕಟ್ಟಿದ ಮೇಲೆ ಆ ಮನೆಗೆ ಯಾರೂ ಬರುವಂತಿಲ್ಲ, ಆ ಮನೆಯವರು ಎಲ್ಲಿಗೂ ಹೋಗುವಂತಿಲ್ಲ, ಒಲೆಯ ಮೇಲೆ ಒಗ್ಗರಣೆ ಚಟಗುಡುವಂತಿಲ್ಲ. ಭೀಮವ್ವ ಚಿಕ್ಕವಳಿದ್ದಾಗ ಅವಳ ಅಣ್ಣತಮ್ಮಂದಿರಿಗೆಲ್ಲ ಅಮ್ಮ ಬಂದು ಹೋದಳಂತೆ, ಇವಳನ್ನು ಮಾತ್ರ ಮುಟ್ಟಲಿಲ್ಲವಂತೆ. 'ನಾ ಒಂದ ಕಡಿ ಕುಂತಿದ್ರಲ್ಲ ಆಕಿ ನನ್ನ ಹಿಡಿಯೋದು' ಎಂದು ನಗುತ್ತಿದ್ದಳು. ನನ್ನ ಮೂಗಿನ ಪಕ್ಕ ಎರಡು ಗುಳಿ ಇವೆ, ಅಮ್ಮ ಬಿಟ್ಟುಹೋದ ಗುರುತು. ಅವನ್ನು ನೋಡಿ ನಗುತ್ತಿದ್ದಳೆಂದು ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ಅವಳ ಒಬ್ಬಳೇ ಮಗಳು ತುಳಸಿಯನ್ನು ಸಂಡೂರಿಗೆ ಕೊಟ್ಟಿದೆ. ಅಳಿಯ ಮೈನಿಂಗ್ ಕಂಪನಿಯಲ್ಲಿ ಲಾರಿ ತೂಗುವ ಕಟ್ಟೆಯಲ್ಲಿ ಕೆಲಸ ಮಾಡುತ್ತಾನೆ. ತುಳಸಿಗೆ ಎರಡು ಸಲ ನಿಂತ ಬಸಿರು ಉಳಿಯಲಿಲ್ಲ. ಎರಡು ಸಲವೂ ಭೀಮವ್ವ ಶೇಂಗಾ ಬುಟ್ಟಿಯನ್ನು ಬಜಾರಿನಲ್ಲೇ ಯಾರಿಗೋ ಒಪ್ಪಿಸಿ ಸಂಡೂರಿಗೆ ಓಡಿದ್ದಳು. ಮೂರನೆಯದು ನಿಂತಿತು, ಬೆಳೆಯಿತು, ಏಳು ತಿಂಗಳಾಯಿತು. ಕುಬಸ ಗೊತ್ತಾಯಿತು. ಬಸುರಿಗೆ ತವರುಮನೆಯವರು ಹಸಿರು ಕುಬಸ ತಂದು ತೊಡಿಸಿ, ಉಡಿ ತುಂಬಿ, ಬಗೆಬಗೆಯ ಬುತ್ತಿ ಉಣಿಸುವ ದಿನ ಅದು. ಭೀಮವ್ವ ಊರೂರಿನ ಹೆಣ್ಣುಮಕ್ಕಳ ಕುಬಸದಲ್ಲಿ ಹಾಡಿ ಬಂದವಳು, ಸ್ವಂತ ಮಗಳ ಕುಬಸಕ್ಕೆ ಕಾದು ಕಾದು ಸಾಕಾಗಿದ್ದವಳು. ಹಸಿರು ರೇಷ್ಮೆಯ ತುಂಡು ತಂದು ನನ್ನ ಮಷೀನಿನ ಮೇಲೆ ಎಸೆದು, 'ಹೊಲಿಗಿ ಒಳಗ ಬಟ್ಟಿ ಜಾಸ್ತಿ ಬಿಡು, ಮಗಳು ದುಂಡಗಾಗ್ಯಾಳ' ಅಂದಳು. ಆ ದಿನ ಅವಳ ಮುಖ ನೋಡಬೇಕಿತ್ತು.

ಅದೇ ವಾರ ಕಂಪ್ಲಿಯಲ್ಲಿ ನಾದಿನಿ ಯಲ್ಲಕ್ಕನ ಮನೆಯಲ್ಲಿ ತೊಟ್ಟಿಲ ಕಾರ್ಯ. ಭೀಮವ್ವ ಹೋದಳು, ಹಾಡಿದಳು. ಯಲ್ಲಕ್ಕನ ದೊಡ್ಡ ಮೊಮ್ಮಗಳಿಗೆ ಮೈ ಬೆಚ್ಚಗಿತ್ತು, ಒಂದೇ ಸಮ ರಚ್ಚೆ ಹಿಡಿದಿತ್ತು. ಯಾರ ಹತ್ತಿರವೂ ನಿಲ್ಲದ ಕೂಸು ಭೀಮವ್ವನ ತೊಡೆಯ ಮೇಲೆ ಮಲಗಿ, ಅವಳ ಸೆರಗು ಬಾಯಲ್ಲಿ ಕಚ್ಚಿಕೊಂಡು ಮಧ್ಯಾಹ್ನವೆಲ್ಲ ನಿದ್ದೆ ಹೋಯಿತು. ಇವಳು ಆ ರಾತ್ರಿ ಅಲ್ಲೇ ಇದ್ದು, ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಬಂದಳು. ಊರು ಮುಟ್ಟಿ ನೀರು ಕುಡಿಯುವಾಗ ಯಲ್ಲಕ್ಕನ ಫೋನ್ ಬಂತು. ಕೂಸಿನ ಎದೆಯ ಮೇಲೆ ಗುಳ್ಳೆ ಎದ್ದಿವೆ, ಅಮ್ಮ ಬಂದಿದ್ದಾಳೆ, ಬಾಗಿಲಿಗೆ ಬೇವು ಕಟ್ಟಿದ್ದೇವೆ.

ಭೀಮವ್ವ ಕಂಪ್ಲಿ ಕಡೆ ಮುಖ ಮಾಡಿ ಕೈ ಮುಗಿದಳು. ಆಮೇಲೆ ನನ್ನ ಅಂಗಡಿಗೆ ಬಂದು ನೆಮ್ಮದಿಯಿಂದಲೇ ಹೇಳಿದಳು. 'ಪುಣ್ಯಾಕ ನಾ ಜಲ್ದಿ ಬಂದೆ. ನಾ ಬಂದ ಮ್ಯಾಲ ಬೇವು ಕಟ್ಯಾರ. ಕಟ್ಟಿದ ಮ್ಯಾಲ ಬಂದಿದ್ರ ಕುಬಸಕ್ಕ ಹೋಗಾಕ ಬರ್ತಿದ್ದಿಲ್ಲ.'

ನನಗೂ ಅದು ಸರಿ ಎನಿಸಿತು. ನಮ್ಮಲ್ಲಿ ಕಟ್ಟಳೆ ಶುರುವಾಗುವುದೇ ಬಾಗಿಲಿಗೆ ಬೇವು ಬಿದ್ದಾಗಿನಿಂದ. ಅದಕ್ಕೆ ಮೊದಲು ಬಂದವರು ಹೋದವರು ಯಾವ ಲೆಕ್ಕಕ್ಕೂ ಇಲ್ಲ. ನಮ್ಮ ಅಜ್ಜಿಯ ಕಾಲದಿಂದ ಹಾಗೇ ನಡೆದಿದೆ.

ಆದರೆ ಎರಡು ದಿನ ಕಳೆಯುವುದರಲ್ಲಿ ಭೀಮವ್ವನ ಓಡಾಟದ ಧಾಟಿಯೇ ಬದಲಾಯಿತು. ಮೊದಲು ಎಲ್ಲಿಗೋ ಹೋಗಲು ಓಡಾಡುತ್ತಿದ್ದವಳು ಈಗ ಬರಿದೇ ಓಡಾಡುತ್ತಿದ್ದಳು. ಬಾಗಿಲಿಗೆ ಬರುವಳು, ನನ್ನನ್ನು ನೋಡುವಳು, ಮತ್ತೆ ಒಳಗೆ ಹೋಗುವಳು. ಕೊನೆಗೆ ನಾನೇ ಕತ್ತರಿ ಕೆಳಗಿಟ್ಟು ಏನಾಗಿದೆ ನಿನಗೆ ಎಂದು ಜಬರಿಸಿ ಕೇಳಿದೆ.

'ಸಂಡೂರಿನ ಡಾಕ್ಟರ್ ತುಳಸಿನ್ನ ಕೇಳಿದ್ದರಂತ, ಸಣ್ಣಾಕಿದ್ದಾಗ ಅಮ್ಮ ಬಂದಿದ್ಲಾ ಅಂತ. ಬಂದಿಲ್ಲಂದಾಳ. ಹಂಗಾರ ಹುಷಾರಿರು, ಬಸುರಾಗ ಬಂದ್ರ ತಾಯಿಗೂ ಕಷ್ಟ, ಕೂಸಿಗೂ ಕಷ್ಟ ಅಂದಿದ್ರಂತ. ಆವಾಗ ನಾ ಏನಂದೆ ಗೊತ್ತೈತೇನು? ತಾಯಿಯಂಗ ಮಗಳು, ಅಮ್ಮಗ ನಮ್ಮ ಕಂಡ್ರ ಅಂಜಿಕಿ ಅಂದೆ.' ಅವಳು ನಗಲಿಲ್ಲ. 'ಆ ಕೂಸು ನನ್ನ ತೊಡಿ ಮ್ಯಾಲ ಮಕ್ಕೊಂಡಿತ್ತು ಚೆನ್ನಿ. ನನ್ನ ಸೆರಗು ಬಾಯಾಗ ಇಟ್ಕೊಂಡಿತ್ತು.'

ಹೊಸಪೇಟೆಗೆ ಹೋಗಿ ಡಾಕ್ಟರನ್ನು ಕೇಳಿಯೇ ಬಿಡೋಣ ಎಂದು ಹೊರಡಿಸಿದೆ. ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ನಮ್ಮ ಸೀಟಿನಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ಮುಂದಿನ ಸ್ಟಾಪಿನಲ್ಲಿ ಹತ್ತಿದ ಹೆಣ್ಣುಮಗಳು, ಕೈತುಂಬ ಹಸಿರು ಬಳೆ, ತುಂಬಿದ ಹೊಟ್ಟೆ, ಉಸ್ಸೆಂದು ಭೀಮವ್ವನ ಪಕ್ಕದಲ್ಲಿ ಕೂತಳು. ಭೀಮವ್ವ ಚೇಳು ಕುಟುಕಿದವಳ ಹಾಗೆ ಎದ್ದಳು. ಜನರನ್ನು ನೂಕಿಕೊಂಡು ಬಾಗಿಲ ಹತ್ತಿರ ಹೋಗಿ, ಗಾಳಿಗೆ ಮುಖ ಕೊಟ್ಟು ನಿಂತಳು. ಕಂಡಕ್ಟರ್ ಒಳಗೆ ಬಾ ಎಂದು ಬೈದ. ಇವಳು ಒಳಗೆ ಬರುವ ಬದಲು ಅನಂತಶಯನಗುಡಿಯಲ್ಲಿ ಇಳಿದೇ ಬಿಟ್ಟಳು. ನಾನೂ ಚೀಲ ಹಿಡಿದು ಹಿಂದೆ ಧುಮುಕಿದೆ.

'ಯಾಕ್ಲೇ ಇಳದಿ?'

'ಕುಂತು ಕುಂತು ಕಾಲು ಜೋಮು ಹಿಡದಿದ್ವು.'

ಕೂತದ್ದು ಅರ್ಧ ದಾರಿಯೂ ಇಲ್ಲ. ಉಳಿದ ದಾರಿ ಬಿಸಿಲಲ್ಲಿ ನಡೆದೆವು. ನಾನು ಬೈಯುತ್ತಲೇ ಇದ್ದೆ, ಅವಳು ಕೇಳಿಸಿಕೊಳ್ಳಲಿಲ್ಲ.

ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಭೀಮವ್ವ ತನ್ನ ವಕೀಲಿಕೆ ಮುಂದಿಟ್ಟಳು. 'ಬೇವು ಕಟ್ಟೋಕಿಂತ ಮೊದಲ ಬಂದೀನ್ರಿ ನಾನು. ಗುಳ್ಳೆ ಎದ್ದಿದ್ದಿಲ್ಲ.'

'ಗುಳ್ಳೆ ಏಳೋಕೆ ಒಂದೆರಡು ದಿನ ಮೊದಲೇ ಅಂಟುತ್ತೆ ಅಮ್ಮಾ' ಅಂದರು ಅವರು. 'ನಿಮಗೆ ಬರಬಹುದು, ಬರದೇನೂ ಇರಬಹುದು. ಬರೋದಾದರೆ ಮೂರು ವಾರದ ಒಳಗೆ ಯಾವತ್ತಾದರೂ ಬರುತ್ತೆ. ನಿಮಗೆ ಗೊತ್ತಾಗೋ ಮೊದಲೇ ನಿಮ್ಮಿಂದ ಇನ್ನೊಬ್ಬರಿಗೆ ಹೋಗಿರುತ್ತೆ. ಅಲ್ಲಿವರೆಗೆ ಬಸುರಿಯರ ಹತ್ತಿರ ಹೋಗಬೇಡಿ.'

ಕುಬಸ ಇದ್ದದ್ದು ಆ ಮೂರು ವಾರದ ನಟ್ಟನಡುವೆ. ಭೀಮವ್ವ ದವಾಖಾನೆಯ ಮೆಟ್ಟಿಲು ಇಳಿದವಳು ಬಸ್ ಸ್ಟ್ಯಾಂಡಿನ ಕಡೆ ತಿರುಗಲೇ ಇಲ್ಲ. ಬಸ್ಸಿನಲ್ಲಿ ಯಾರು ಬಂದು ಪಕ್ಕದಲ್ಲಿ ಕೂರುತ್ತಾರೋ ಯಾರಿಗೆ ಗೊತ್ತು ಎಂಬುದು ಅವಳ ಹೊಸ ವಾದ. ಕಬ್ಬು ಇಳಿಸಿ ಬರಿದೇ ಹೊರಟಿದ್ದ ಒಂದು ಟ್ರಾಕ್ಟರಿನ ಟ್ರೈಲರಿನಲ್ಲಿ, ಕಬ್ಬಿನ ಸೋಗೆಯ ಮೇಲೆ ಕೂತು ಊರಿಗೆ ಬಂದೆವು. ಮಾರನೆಯ ದಿನದಿಂದ ಶೇಂಗಾ ಬುಟ್ಟಿ ಮೂಲೆ ಸೇರಿತು.

ಆಮೇಲೆ ಶುರುವಾಯಿತು ಫೋನಿನ ಕಾಟ. ಭೀಮವ್ವ ಸ್ಪೀಕರ್ ಹಾಕಿಕೊಂಡೇ ಮಾತಾಡುವವಳು, ಹಾಗಾಗಿ ಓಣಿಗೆಲ್ಲ ಕೇಳುತ್ತಿತ್ತು. ಮೊದಲು ಯಲ್ಲಕ್ಕ: ನಮ್ಮ ಮನೆಯ ಹೆಸರು ಮಾತ್ರ ಹೇಳಬೇಡ ಮಾರಾಯ್ತಿ, ನಾಳೆ ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆ. ಆಮೇಲೆ ಬೀಗಿತಿ ರೇಣುಕಾದೇವಿ, ಸಂಡೂರಿನವರು, ಮಾತಿನಲ್ಲಿ ಮರ್ಯಾದೆ ಎಷ್ಟೋ ಬಿಗುವೂ ಅಷ್ಟೇ. ಭೀಮವ್ವ ಮುಚ್ಚಿಡದೆ ಎಲ್ಲ ಹೇಳಿದಳು. ಕುಬಸವನ್ನು ಒಂಬತ್ತನೇ ತಿಂಗಳಲ್ಲಿ ಇಟ್ಟುಕೊಂಡರೆ ಆಗುವುದಿಲ್ಲವೇ ಎಂದು ಬೇಡಿಕೊಂಡಳು.

'ನಮ್ಮ ಮನಿತನದಾಗ ಏಳರಾಗ ಮಾಡೋದು ಪದ್ಧತಿ ಐತ್ರಿ. ಮಂದಿಗೆಲ್ಲ ಹೇಳಿ ಆಗೇತಿ' ಅಂದರು ಅವರು. 'ನಿಮಗ ಅಮ್ಮ ಬಂದಿಲ್ಲ, ನಿಮ್ಮ ಮನ್ಯಾಗ ಯಾರಿಗೂ ಬಂದಿಲ್ಲ. ಕಂಪ್ಲ್ಯಾಗ ಯಾರಿಗೋ ಬಂದ್ರ ಸಂಡೂರಿನ ಕುಬಸಕ್ಕ ಏನ್ರಿ ಅಡ್ಡಿ? ಹೆತ್ತ ತಾಯಿನ ಬರ್ಲಿಲ್ಲಂದ್ರ ಮಂದಿ ನನಗ ಏನಂತಾರ? ಕುಬಸದ ದಿನ ಮುಂಜಾನಿ ಕಾರು ಕಳಸ್ತೀನಿ, ಸುಮ್ನ ಹತ್ತಿ ಬರ್ರಿ.'

ಕೊನೆಗೆ ತುಳಸಿ ಮಾತಾಡಿದಳು. ಜೋರು ಮಾಡಲಿಲ್ಲ. ಅದೇ ಕೇಳಲಾಗಲಿಲ್ಲ. 'ಎರಡು ಸಲ ನನ್ನ ಹೊಟ್ಟಿ ಬರಿದಾದಾಗ ನೀ ಓಡಿ ಬಂದಿ ಅವ್ವ. ಈಗ ತುಂಬೇತಿ, ಈಗ ಬರಂಗಿಲ್ಲಂತಿ.'

ಭೀಮವ್ವ ಫೋನ್ ಕೈಯಲ್ಲಿ ಹಿಡಿದುಕೊಂಡು ಅಂಗಳದಲ್ಲಿ ಸುತ್ತಿದಳು, ಸುತ್ತಿದಳು. ರಸ್ತೆ ದಾಟಿ ಹೋಗಿ ನಾನೇ ಹೇಳಿದೆ, 'ಮೂಗಿಗೆ ಮಾಸ್ಕ್ ಹಾಕ್ಕೊಂಡು ಹೋಗು. ದೂರ ನಿಂತು ನೋಡಿ ಬಾ. ಬರದೂ ಇರಬಹುದು ಅಂತ ಡಾಕ್ಟರೂ ಅಂದಾರಲ್ಲ.'

'ಉಡಿ ದೂರದಿಂದ ತುಂಬಾಕ ಬರ್ತೈತೇನ್ಲೇ?' ಅಂದಳು. 'ಬಸ್ಸಿನಾಗ ಯಾರ ಮಗಳೋ ಏನೋ, ಆಕಿ ಮಗ್ಗುಲಕ ಕುಂದ್ರಾಕ ನನ್ನ ಕೈಲಿ ಆಗಲಿಲ್ಲ. ನನ್ನ ಮಗಳ ಮಗ್ಗುಲಕ ಹ್ಯಾಂಗ ಕುಂದ್ರಲಿ?' ಅಂದಳು.

ಅದು ನನಗೆ ತಿಳಿಯಿತು. ಆದರೆ ಕುಬಸದ ದಿನ ಕಾರು ಬಂದು ಬಾಗಿಲಲ್ಲಿ ನಿಂತರೆ? ಬೀಗಿತಿ ಮತ್ತೆ ಫೋನ್ ಮಾಡಿ, ತುಳಸಿ ಮತ್ತೆ ಅತ್ತರೆ? ಭೀಮವ್ವ ಯಾವ ಕರೆಗೂ ಇಲ್ಲ ಅಂದವಳಲ್ಲ. ಹೋಗಿಬಿಡುತ್ತಾಳೆ ಎಂದು ನನಗೆ ಭಯವೂ ಇತ್ತು, ಹೋಗಲಿ ಎಂಬ ಆಸೆಯೂ ಇತ್ತು. ಅವಳಿಗೂ ತನ್ನ ಕಾಲಿನ ಮೇಲೆ ತನಗೇ ನಂಬಿಕೆ ಇರಲಿಲ್ಲ.

ಕುಬಸದ ಹಿಂದಿನ ದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆದಾಗ ಭೀಮವ್ವ ಸ್ಟೂಲಿನ ಮೇಲೆ ನಿಂತು ತನ್ನ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದಳು. ಒಂದೆರಡು ಎಸಳಲ್ಲ, ಕೊಂಬೆ ಕೊಂಬೆಯೇ. ಉಚ್ಚೆಂಗೆಪ್ಪ ಕೆಳಗೆ ನಿಂತು ಒಂದೊಂದನ್ನೇ ಎತ್ತಿ ಕೊಡುತ್ತಿದ್ದ. ಮೂಲೆಮನೆಯ ಮುದುಕಿ ಪಂಪಮ್ಮ ಹಲ್ಲುಪುಡಿ ಬಾಯಲ್ಲಿಟ್ಟುಕೊಂಡೇ ಓಡಿ ಬಂದಳು. ಯಾರಿಗೆ ಬಂದಾಳ, ಯಾರಿಗೆ ಬಂದಾಳ ಎಂದು ಕೇಳಿದಳು.

'ಯಾರಿಗೂ ಬಂದಿಲ್ಲ' ಅಂದ ಉಚ್ಚೆಂಗೆಪ್ಪ.

ಪಂಪಮ್ಮನ ಮುಖ ಬಿಳಿಚಿಕೊಂಡಿತು. ಬಾರದ ಅಮ್ಮನಿಗೆ ಬೇವು ಕಟ್ಟುವುದೆಂದರೆ ಬಾ ಎಂದು ಕರೆದ ಹಾಗೆ, ಅದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ತಮಾಷೆಗೂ ಯಾರೂ ಕಟ್ಟುವುದಿಲ್ಲ. 'ಬಿಚ್ಚು ಭೀಮವ್ವ, ಬಿಚ್ಚು. ಆಕಿನ್ನ ಕರದಂಗ ಆಕ್ಕೈತಿ' ಎಂದು ಮುದುಕಿ ಅಂಗಲಾಚಿದಳು.

ಭೀಮವ್ವ ಕೊನೆಯ ಗಂಟು ಬಿಗಿದು ಸ್ಟೂಲಿನಿಂದ ಇಳಿದಳು. 'ಕರದ್ರ ಕರದೆ ಬಿಡಬೇ. ಬರೋದಿದ್ರ ನನ್ನ ಮನಿಗೇ ಬರ್ಲಿ.'

ಪಂಪಮ್ಮ ಅಲ್ಲೇ ಕೈ ಮುಗಿದು ಹಿಂದೆ ಸರಿದಳು. ನಾನು ಮಷೀನಿನ ಮುಂದೆ ಹೋಗಿ ಕೂತೆ, ಆದರೆ ದಾರ ಪೋಣಿಸಲು ಆಗಲಿಲ್ಲ. ಕಣ್ಣು ತುಂಬಿ ಸೂಜಿಯ ತೂತು ಕಾಣುತ್ತಿರಲಿಲ್ಲ.

ಬಾಗಿಲಿನ ಫೋಟೋ ತೆಗೆದು ಬೀಗಿತಿಗೆ ಕಳಿಸು ಅಂದಳು, ಕಳಿಸಿದೆ. ಅಷ್ಟು ದಿನ ಡಾಕ್ಟರ ಮಾತಿಗೆ ನೂರು ಮಾತು ಹೇಳಿದ್ದ ರೇಣುಕಾದೇವಿ ಆ ಫೋಟೋ ನೋಡಿದ ಮೇಲೆ ಒಂದೂ ಮಾತಾಡಲಿಲ್ಲ. ಬೇವು ಕಟ್ಟಿದ ಮನೆಯವರನ್ನು ಬನ್ನಿ ಎಂದು ಕರೆಯುವ ಧೈರ್ಯ ಯಾವ ಬೀಗಿತಿಗೂ ಇಲ್ಲ.

ಇನ್ನು ಆ ಮನೆಯಿಂದ ಬುತ್ತಿ ಹೋಗುವ ಹಾಗಿಲ್ಲವಲ್ಲ, ಅಡುಗೆ ನನ್ನ ಮನೆಯಲ್ಲಾಯಿತು. ಭೀಮವ್ವನ ತಮ್ಮನ ಹೆಂಡತಿ ಅನುಸೂಯಾ ಗಾದಿಗನೂರಿನಿಂದ ಬಂದಳು. ನಾವಿಬ್ಬರು ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಸಜ್ಜೆ ರೊಟ್ಟಿ ಮಾಡುತ್ತಾ ಬೆವರಿದರೆ ಭೀಮವ್ವ ರಸ್ತೆಯ ಆಚೆ ಬೇವಿನ ಕೆಳಗೆ ಅತ್ತಿತ್ತ ನಡೆಯುತ್ತಾ ಅಲ್ಲಿಂದಲೇ ಕೂಗುತ್ತಿದ್ದಳು. ಏಲಕ್ಕಿ ಹಾಕಿದಿರಾ? ಹೋಳಿಗೆ ಎಣ್ಣೆಯಲ್ಲಿ ಮುಳುಗಿಸಬೇಡಿ. ಮೊಸರನ್ನಕ್ಕೆ ಉಪ್ಪು ನೋಡಿದಿರಾ? ಅನುಸೂಯಾ ಲಟ್ಟಣಿಗೆ ಎತ್ತಿ ತೋರಿಸಿ, 'ಇನ್ನೊಂದು ಮಾತಾಡಿದ್ರ ನಾನೂ ಸಂಡೂರಿಗೆ ಹೋಗಂಗಿಲ್ಲ ನೋಡು ಅತ್ತಿಗಿ' ಅಂದಳು. ಭೀಮವ್ವ ತಿರುಗಿ ಅಂಗಳದ ತುದಿಯ ತನಕ ನಡೆದಳು. ಆಮೇಲೆ ಮತ್ತೆ, ಬೆಲ್ಲ?

ಬೆಳಿಗ್ಗೆ ಕಾರು ಬಂತು. ಡ್ರೈವರ್ ಆ ಬಾಗಿಲು ನೋಡಿದವನೇ ಕಾರನ್ನು ನನ್ನ ಅಂಗಡಿಯ ಮುಂದೆ ನಿಲ್ಲಿಸಿದ. ಬುತ್ತಿಯ ಬುಟ್ಟಿಗಳನ್ನು, ಹಸಿರು ಕುಬಸವನ್ನು ಹಿಡಿದು ಅನುಸೂಯಾ ಮತ್ತು ನಾನು ಹತ್ತಿದೆವು. ನನಗೆ ಅಮ್ಮ ಬಂದು ಹೋದ ಮೂಗು ಇದೆ, ನನ್ನಿಂದ ಯಾರಿಗೂ ಭಯವಿಲ್ಲ. ಆ ಎರಡು ಗುಳಿ ಒಂದು ಉಪಯೋಗಕ್ಕೆ ಬಂದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಸಂಡೂರಿನಲ್ಲಿ ಮನೆ ತುಂಬ ಜನ. ತುಳಸಿ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಬಾಗಿಲಲ್ಲಿ ನಮ್ಮನ್ನು ನೋಡಿದಳು, ನಮ್ಮ ಹಿಂದೆ ನೋಡಿದಳು, ತಲೆ ತಗ್ಗಿಸಿದಳು. ಅನುಸೂಯಾ ಉಡಿ ತುಂಬಿದಳು. ನಾನು ಕುಬಸ ಮುಂದೆ ಹಿಡಿದಾಗ ತುಳಸಿ ತೆಗೆದುಕೊಂಡಳು, ತೊಡಲಿಲ್ಲ. ಮಡಿಕೆ ಬಿಚ್ಚದೆ ಪಕ್ಕಕ್ಕಿಟ್ಟು ಅತ್ತೆ ಕೊಟ್ಟ ಕುಬಸವನ್ನೇ ತೊಟ್ಟಳು. 'ಬೇವು ಕಟ್ಟಿದ ಮನಿ ಅರಿವಿ, ತೊಡದಿದ್ದದ್ದ ಛಲೋ ಆತು' ಎಂದು ರೇಣುಕಾದೇವಿ ನನಗೆ ಕೇಳುವ ಹಾಗೆ ಯಾರಿಗೋ ಹೇಳಿದರು. ಹೊಲಿದವಳು ನಾನು, ನನ್ನ ಮೈ ಉರಿಯಿತು. ಹೆಂಗಸರು ಹಾಡಿದರು. ಚೆನ್ನಾಗಿಯೇ ಹಾಡಿದರು, ಆದರೆ ಪದ ಎತ್ತಿಕೊಡುವವರಿಲ್ಲದೆ ಎರಡು ಸಲ ನಡುವೆ ನಿಂತಿತು.

ಬಂದು ಎಲ್ಲವನ್ನೂ ಇದ್ದದ್ದು ಇದ್ದಂತೆ ಭೀಮವ್ವನಿಗೆ ಹೇಳಿದೆ. ಯಾರು ಬಂದಿದ್ದರು, ಏನು ಉಂಡರು ಎಂದೆಲ್ಲ ಕೇಳಿದಳು. ಕುಬಸದ ವಿಷಯಕ್ಕೆ ಬಂದಾಗ, 'ಸಿಟ್ಟು ಇರಬೇಕಲ್ಲ' ಅಂದಳು, ಅಷ್ಟೇ.

ಆಮೇಲಿನ ದಿನಗಳು ಅವಳಿಗೆ ಸೆರೆಮನೆ. ಶೇಂಗಾ ಇಲ್ಲ, ಪದ ಇಲ್ಲ, ಬಸ್ಸಿಲ್ಲ. ಅಂಗಳದಲ್ಲಿ ನಡೆದು ನಡೆದು ನೆಲ ನುಣ್ಣಗಾಯಿತು. ದಿನಾ ಬೆಳಿಗ್ಗೆ ರಸ್ತೆಯ ಆಚೆ ಬಂದು ಮುಖ ಎತ್ತಿ ನಿಲ್ಲುವಳು. ಕನ್ನಡಿಯ ಮೇಲೆ ಅವಳಿಗೆ ನಂಬಿಕೆಯಿಲ್ಲ. 'ನೋಡ್ಲೇ ಚೆನ್ನಿ, ಮಾರಿ ಮ್ಯಾಲ ಏನರ ಕಾಣ್ತೈತೇನು?' ನಾನು ಹತ್ತಿರ ಹೋಗಿ ಹಣೆ, ಕೆನ್ನೆ, ಕತ್ತು ನೋಡಿ ಏನೂ ಇಲ್ಲ ಅನ್ನುವೆ. ಸಮಾಧಾನವಾಯಿತೋ ನಿರಾಸೆಯಾಯಿತೋ, ಒಳಗೆ ಹೋಗುವಳು. ಒಂದು ಗುಳ್ಳೆಯಾದರೂ ಎದ್ದಿದ್ದರೆ ಜನರ ಬಾಯಿ ಮುಚ್ಚುತ್ತಿತ್ತು, ನಿಜ. ಏಳಲಿಲ್ಲ. ಮೂರು ವಾರ ಕಳೆದವು, ಅಮ್ಮ ಬರಲಿಲ್ಲ.

ಓಣಿಯವರಿಗೆ ಮಾತು ಸಿಕ್ಕಿತು. ಸುಮ್ಮನೆ ಮಗಳ ಕುಬಸ ತಪ್ಪಿಸಿಕೊಂಡಳು, ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ನನ್ನ ಅಂಗಡಿಯಲ್ಲೇ ಒಬ್ಬಳು ಹೀಗಂದಾಗ ನಾನು ಅವಳ ಜಂಪರ್ ಅರ್ಧ ಹೊಲಿದದ್ದನ್ನು ಹಾಗೇ ಕೈಗಿಟ್ಟು ಕಳಿಸಿದೆ. ಆಗುತ್ತಿರಲಿಲ್ಲ ಎಂದು ಈಗ ಎಲ್ಲರಿಗೂ ಗೊತ್ತು. ಆ ದಿನ ಯಾರಿಗೆ ಗೊತ್ತಿತ್ತು?

ಗಡುವು ಮುಗಿದರೂ ಭೀಮವ್ವ ಬೇವು ಬಿಚ್ಚಿರಲಿಲ್ಲ. ಎಲೆ ಒಣಗಿ ಹೊಸ್ತಿಲ ಮೇಲೆ ಉದುರುತ್ತಿತ್ತು. ಒಂದು ಮಧ್ಯಾಹ್ನ ಆಟೋ ಬಂದು ನಿಂತಿತು. ತುಳಸಿ ಇಳಿದಳು, ಹೊಟ್ಟೆ ಇನ್ನೂ ಮುಂದೆ ಬಂದಿತ್ತು. ಮನೆಯ ಕಡೆ ನಡೆದವಳು ಬೇವು ನೋಡಿ ರಸ್ತೆಯಲ್ಲೇ ನಿಂತಳು, ತಿರುಗಿ ನನ್ನ ಅಂಗಡಿಗೆ ಬಂದಳು. ಚೀಲದಿಂದ ಹಸಿರು ಕುಬಸ ತೆಗೆದು ಮಷೀನಿನ ಮೇಲೆ ಇಟ್ಟಳು.

'ತೊಟ್ಟು ನೋಡಿದೆ ಚೆನ್ನಕ್ಕ, ಬಿಗಿ ಆಕ್ಕೈತಿ. ಹೊಲಿಗಿ ಬಿಚ್ಚಿಕೊಡು' ಅಂದಳು. 'ಅವ್ವನ ಕೈಲೇ ತೊಡಬೇಕು ಅಂತ ಇಟ್ಟೀನಿ.'

ನಾನು ಎರಡೂ ಮಗ್ಗುಲ ಹೊಲಿಗೆ ಬಿಚ್ಚಿದೆ. ಒಳಗೆ ಬಿಟ್ಟಿದ್ದ ಬಟ್ಟೆ ಬೇಕಾದಷ್ಟಿತ್ತು. ಅಷ್ಟರಲ್ಲಿ ಭೀಮವ್ವ ಬಾಗಿಲಿಗೆ ಬಂದಳು, ಮಗಳನ್ನು ನೋಡಿದಳು. ಓಡಿ ಬರುತ್ತಾಳೆ ಎಂದುಕೊಂಡೆ. ಜನ್ಮದಲ್ಲಿ ನಿಲ್ಲದವಳು ಹೊಸ್ತಿಲಲ್ಲೇ ನಿಂತಳು. ಬರಿಯ ಕೈಬೀಸಿ ನನ್ನನ್ನು ಕರೆದಳು. ನಾನು ರಸ್ತೆ ದಾಟಿ ಹೋದೆ. ಅವಳು ಬೆಳಕಿಗೆ ಮುಖ ಎತ್ತಿ ಹಿಡಿದಳು, ಕಣ್ಣು ಮುಚ್ಚಿಕೊಂಡಳು.

'ಒಂದ ಸಲ ನೋಡ್ಲೇ' ಅಂದಳು.

ಹಣೆ ಮುಟ್ಟಿದೆ, ತಣ್ಣಗಿತ್ತು. ಕೆನ್ನೆ ನೋಡಿದೆ, ಕತ್ತು ನೋಡಿದೆ, ತೋಳು ತಿರುವಿ ನೋಡಿದೆ.

'ಏನೂ ಇಲ್ಲ. ಹೋಗು' ಅಂದೆ.